ಮೇಲಿಂದ ನೋಡಿದರೆ ಬಂಡೀಪುರವೆಲ್ಲ ಹಸಿರು

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದವರಿಗೆ ಈ ನೋಟ ಹೊಸದೇನಲ್ಲ. ಬಂಡೀಪುರದ ಕಾಡು ಶುರುವಾಗುತ್ತಿದ್ದಂತೆ, ಕಾಡ್ಗಿಚ್ಚು ಹಬ್ಬದಿರಲೆಂದು ಬೆಂಕಿ ರೇಖೆಯಾಗಿ ಸವರಿದ ಪಟ್ಟಿಯ ಆಚೆಗೆ ಆಳೆತ್ತರದ ಪೊದೆಗಳು ಒಂದಕ್ಕೊಂದು ಹೆಣೆದುಕೊಂಡು ಗೋಡೆಯಂತೆ ನಿಂತಿರುತ್ತವೆ. ಮೈತುಂಬ ಪುಟ್ಟ ಹೂಗೊಂಚಲು; ಒಂದೇ ಗೊಂಚಲಿನ ನಡುವೆ ಹಳದಿ, ಅಂಚಿಗೆ ಗುಲಾಬಿ. ಹತ್ತಿರ ಹೋಗಿ ಟೊಂಗೆ ಹಿಡಿದರೆ ಅದು ದುಂಡಗಿಲ್ಲ, ನಾಲ್ಕು ಮೂಲೆಯದು ಎಂದು ಬೆರಳಿಗೇ ತಿಳಿಯುತ್ತದೆ. ಹಿಂದಕ್ಕೆ ಬಾಗಿದ ಮುಳ್ಳು ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತದೆ. ಎಲೆ ಹೊಸಕಿದರೆ ಮೂಗಿಗೆ ಹೊಡೆಯುವ ಘಾಟು. ಇದು ಲಂಟಾನ. ಅಮೆರಿಕ ಖಂಡದ ಉಷ್ಣವಲಯದಿಂದ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ಭಾರತಕ್ಕೆ ತಂದ ಗಿಡ.

ಅದೇ ಜಾಗದ ಉಪಗ್ರಹ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದರೆ ಈ ಯಾವುದೂ ಇರುವುದಿಲ್ಲ. ಮುಳ್ಳಿಲ್ಲ, ಘಾಟಿಲ್ಲ, ಹೂವಿಲ್ಲ. ಚೌಕ ಚೌಕವಾದ ಹಸಿರು ಚುಕ್ಕೆಗಳು, ಅಷ್ಟೆ. ಲಂಟಾನ ಮುತ್ತಿದ ಇಳಿಜಾರೂ ಹಸಿರು, ಹುಲ್ಲಿನ ಮೈದಾನವೂ ಹಸಿರು, ತೇಗದ ನೆಡುತೋಪೂ ಹಸಿರು. ಇಂಥ ಚಿತ್ರಗಳ ಜೊತೆ ಕೆಲವು ವರ್ಷ ಕೆಲಸ ಮಾಡಿದವನಾಗಿ ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದು: ಈ ಹಸಿರುಗಳಲ್ಲಿ ಯಾವುದು ಯಾವ ಹಸಿರು ಎಂದು ಆಕಾಶದಲ್ಲಿರುವ ಕಣ್ಣಿಗೆ ಹೇಳಿಕೊಡುವುದು ಹೇಗೆ? ಹೇಳಿಕೊಟ್ಟ ಮೇಲೆ ಬರುವ ನಕ್ಷೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಪ್ರಶ್ನೆ ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ದೇಶದ 1.54 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಕಾಡಿನಲ್ಲಿ ಲಂಟಾನ ಹಬ್ಬಿದೆ. ಇಡೀ ಕರ್ನಾಟಕದ ವಿಸ್ತೀರ್ಣ ಸುಮಾರು 1.92 ಲಕ್ಷ ಚದರ ಕಿಲೋಮೀಟರ್ ಎಂಬುದನ್ನು ನೆನೆದರೆ ಇದು ಎಂಥ ಸಂಖ್ಯೆ ಎಂದು ಅರ್ಥವಾದೀತು. ಲಂಟಾನದ ಕೆಳಗೆ ಹುಲ್ಲು ಏಳುವುದಿಲ್ಲ. ಎಲೆಯಲ್ಲಿ ವಿಷವಿರುವುದರಿಂದ ದನವಾಗಲಿ ಜಿಂಕೆಯಾಗಲಿ ಅದನ್ನು ಮೇವಾಗಿ ನೆಚ್ಚಿಕೊಳ್ಳುವಂತಿಲ್ಲ. ಹುಲ್ಲು ಕಡಿಮೆಯಾದ ಕಾಡಿನಿಂದ ಪ್ರಾಣಿಗಳು ಎಲ್ಲಿಗೆ ಬರುತ್ತವೆ ಎಂಬುದನ್ನು ಕಾಡಂಚಿನಲ್ಲಿ ರಾಗಿ ಬೆಳೆಯುವವರಿಗೆ ಯಾರೂ ವಿವರಿಸಬೇಕಿಲ್ಲ.

ಲೆಕ್ಕದಲ್ಲಿ ಎಲ್ಲ ಹಸಿರೂ ಒಂದೇ

ಭಾರತೀಯ ಅರಣ್ಯ ಸರ್ವೇಕ್ಷಣೆ ಎರಡು ವರ್ಷಕ್ಕೊಮ್ಮೆ ಹೊರತರುವ ವರದಿಯಲ್ಲಿ ‘ಅರಣ್ಯ ಹೊದಿಕೆ’ ಎಂಬ ಮಾತಿಗೆ ಖಚಿತವಾದ ಅರ್ಥವಿದೆ. ಒಂದು ಹೆಕ್ಟೇರಿಗಿಂತ ದೊಡ್ಡದಾಗಿದ್ದು, ಮರಗಳ ನೆತ್ತಿ ಶೇ 10ಕ್ಕಿಂತ ಹೆಚ್ಚು ನೆಲವನ್ನು ಮುಚ್ಚಿರುವ ಜಾಗ. ಜಮೀನು ಯಾರದು, ಮರ ಯಾವ ಜಾತಿಯದು ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಹೊನ್ನೆ, ಮತ್ತಿ, ದಿಂಡಿಗ ತುಂಬಿದ ಕಾಡೂ ಒಂದೇ, ಹೊರಗಿನಿಂದ ಬಂದು ಒತ್ತೊತ್ತಾಗಿ ಬೆಳೆದ ಸೆನ್ನಾ ಮರದ ಮೆಳೆಯೂ ಒಂದೇ. ಇದು ಸಮೀಕ್ಷೆಯ ತಪ್ಪಲ್ಲ. ಅದು ಕೇಳಿಕೊಂಡ ಪ್ರಶ್ನೆಯೇ ಮರದ ನೆತ್ತಿಯ ಸಾಂದ್ರತೆಯ ಕುರಿತದ್ದು. ಆದರೆ ಪತ್ರಿಕೆಯಲ್ಲಿ ‘ಹಸಿರು ಹೆಚ್ಚಿತು’ ಎಂದು ಓದಿದ ನಾವು ಕಾಡು ಸುಧಾರಿಸಿತು ಎಂದೇ ತಿಳಿದುಕೊಳ್ಳುತ್ತೇವೆ. ದಾಳಿಯಿಡುವ ಗಿಡಗಳ ವಿಷಯದಲ್ಲಿ ಹಸಿರು ಹೆಚ್ಚುವುದೇ ರೋಗದ ಲಕ್ಷಣವಾಗಿರಬಹುದು.

ಇದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ತಮಿಳುನಾಡಿನ ಪಳನಿ ಬೆಟ್ಟ ಸಾಕ್ಷಿ. ಅಲ್ಲಿ ಶೋಲಾ ಎಂಬ ಬೆಟ್ಟದ ಕಾಡಿನ ನಡುವಿನ ಹುಲ್ಲುಗಾವಲಿನ ಗತಿಯನ್ನು ಸಂಶೋಧಕರು ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಹಳೆಯ ಚಿತ್ರಗಳನ್ನು ಜೋಡಿಸಿ ನೋಡಿ 2018ರಲ್ಲಿ ಪ್ರಕಟಿಸಿದರು. ನಾಲ್ಕು ದಶಕಗಳಲ್ಲಿ ಹುಲ್ಲುಗಾವಲಿನ ಮೂರನೇ ಎರಡು ಪಾಲು ಮಾಯವಾಗಿತ್ತು. ಅದನ್ನು ನುಂಗಿದ್ದು ಮರದ ನೆಡುತೋಪು ಮತ್ತು ಬೇಸಾಯ. ಅಕೇಶಿಯಾ ತಾನಾಗಿಯೇ ತೋಪಿನಿಂದಾಚೆ ಹರಡಿತ್ತು. ಮರ ಎಣಿಸುವವರ ಕಣ್ಣಿಗೆ ಅದು ಲಾಭ, ಬೆಟ್ಟದ ನೆತ್ತಿಯಲ್ಲಿ ನೀರು ಹಿಡಿದಿಡುವ ಹುಲ್ಲಿಗೆ ಅದು ಸಾವು. ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. 2008ರಲ್ಲಿ ಅದರ ಇಡೀ ಭಂಡಾರವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಆ ಒಂದು ನಿರ್ಧಾರವಿಲ್ಲದಿದ್ದರೆ ನಮ್ಮ ಬೆಟ್ಟಗಳಲ್ಲಿ ಏನೇನು ಕಳೆದುಹೋಯಿತು ಎಂಬ ಲೆಕ್ಕವೇ ನಮಗೆ ಸಿಗುತ್ತಿರಲಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಗಿಡದ ಗುರುತು ಬೆಳಕಿನಲ್ಲಿದೆ

ಎಲೆಯ ಮೇಲೆ ಬಿಸಿಲು ಬಿದ್ದಾಗ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಹಸಿರನ್ನು ಸ್ವಲ್ಪ ಹಿಂದಕ್ಕೆ ಕಳಿಸುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಆ ಸ್ವಲ್ಪ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನಂತೂ ಎಲೆಯ ಒಳಗಿನ ಕೋಶಗಳ ರಚನೆ ಬಹುಪಾಲು ಹಾಗೆಯೇ ಚಿಮ್ಮಿಸಿಬಿಡುತ್ತದೆ. ಹಸಿ ಎಲೆ ಉಪಗ್ರಹಕ್ಕೆ ಹೊಳೆಯುವುದು ಇಲ್ಲಿಯೇ. ಕೆಂಪು ಎಷ್ಟು ಕಡಿಮೆ, ಅವಕೆಂಪು ಎಷ್ಟು ಹೆಚ್ಚು ಎಂಬ ವ್ಯತ್ಯಾಸದಿಂದ ಹಸಿರಿನ ಸೂಚ್ಯಂಕವೊಂದನ್ನು ಲೆಕ್ಕಹಾಕುತ್ತಾರೆ. ಕೆಂಪಿನಿಂದ ಅವಕೆಂಪಿಗೆ ದಾಟುವ ಅಂಚಿನಲ್ಲಿ, ಎಲೆಯ ದಪ್ಪ, ಪತ್ರಹರಿತ್ತಿನ ಪ್ರಮಾಣಕ್ಕೆ ತಕ್ಕಂತೆ ಒಂದೊಂದು ಗಿಡ ಒಂದೊಂದು ರೀತಿ ವರ್ತಿಸುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹ ನೋಡುವ 13 ಬೆಳಕಿನ ಪಟ್ಟೆಗಳಲ್ಲಿ ಕೆಲವನ್ನು ಈ ಅಂಚಿಗೆಂದೇ ಇಟ್ಟಿದ್ದಾರೆ. ಜೋಡಿ ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತವೆ, ಚಿತ್ರ ಉಚಿತ.

ಕೇಳಲು ಸುಲಭವಾಗಿದೆ. ತೊಡಕು ಇರುವುದು ಚುಕ್ಕೆಯ ಅಳತೆಯಲ್ಲಿ. ಸೆಂಟಿನೆಲ್-2ರ ಅತ್ಯಂತ ಸಣ್ಣ ಚುಕ್ಕೆ, ಅಂದರೆ ಒಂದು ಪಿಕ್ಸೆಲ್, ನೆಲದ ಮೇಲೆ 10 ಮೀಟರ್ ಉದ್ದ 10 ಮೀಟರ್ ಅಗಲ. ಹಳ್ಳಿಯ ಮನೆಯೊಂದು ಹಿಡಿಸುವಷ್ಟು ಜಾಗ. ಸುಮಾರು 870 ಚದರ ಕಿಲೋಮೀಟರಿನ ಬಂಡೀಪುರ ಇದರ ಪ್ರಕಾರ 87 ಲಕ್ಷ ಚುಕ್ಕೆ. ಒಂದೊಂದು ಚುಕ್ಕೆಯೊಳಗೂ ಎರಡು ಮರದ ನೆತ್ತಿ, ಒಂದಿಷ್ಟು ಹುಲ್ಲು, ಹುತ್ತ, ನೆರಳು, ಬಂಡೆ, ನಡುವೆ ಎರಡು ಲಂಟಾನದ ಪೊದೆ ಎಲ್ಲ ಇರುತ್ತವೆ. ಉಪಗ್ರಹ ಕಳಿಸುವುದು ಇವೆಲ್ಲ ಬೆರೆತ ಒಂದೇ ಒಂದು ಮೌಲ್ಯ. ಅನ್ನ, ಸಾರು, ಪಲ್ಯ ಎಲ್ಲ ಕಲಸಿದ ಮೇಲೆ ಒಂದು ತುತ್ತು ಕೊಟ್ಟು ಪಲ್ಯಕ್ಕೆ ಯಾವ ಎಣ್ಣೆ ಹಾಕಿದ್ದರು ಎಂದು ಕೇಳಿದ ಹಾಗೆ. ಇಸ್ರೊದ ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾದ ಚುಕ್ಕೆ 5.8 ಮೀಟರ್, ಸುಮಾರು 34 ಚದರ ಮೀಟರ್. ಎರಡು ಮೂರು ಮೀಟರ್ ಅಗಲದ ಒಂಟಿ ಪೊದೆ ಅಲ್ಲಿಯೂ ಕರಗಿಹೋಗುತ್ತದೆ. ಎರಡು ಮೀಟರಿನ ಚುಕ್ಕೆ ಕೊಡುವ ವರ್ಲ್ಡ್‌ವ್ಯೂ-2 ಇದೆ, ಆದರೆ ಅದರ ಚಿತ್ರಕ್ಕೆ ದುಡ್ಡು ಕೊಡಬೇಕು.

ಚುಕ್ಕೆ ಸಣ್ಣದಾದ ಮಾತ್ರಕ್ಕೆ ಸಮಸ್ಯೆ ಮುಗಿಯುವುದೂ ಇಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ವರ್ಲ್ಡ್‌ವ್ಯೂ-2 ಚಿತ್ರ ಬಳಸಿ ಲಂಟಾನ ಹುಡುಕಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅಲ್ಲಿನ ಸಂಶೋಧಕರು ಎರಡು ದಾರಿಗಳನ್ನು ಹೋಲಿಸಿದರು: ಪ್ರತಿ ಚುಕ್ಕೆಯನ್ನೂ ಬಿಡಿಯಾಗಿ ನೋಡಿ ಲಂಟಾನ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಒಂದು, ಒಂದೇ ಬಗೆಯ ಚುಕ್ಕೆಗಳನ್ನು ಮೊದಲು ಗುಂಪು ಮಾಡಿ, ಆ ಗುಂಪಿನ ಆಕಾರ, ಮೇಲ್ಮೈಯ ಒರಟುತನ, ಅಕ್ಕಪಕ್ಕ ಎಲ್ಲವನ್ನೂ ನೋಡಿ ತೀರ್ಮಾನಿಸುವುದು ಇನ್ನೊಂದು. ನನ್ನ ಅನುಭವದಲ್ಲಿ ಪೊದೆಗಳಿಗೆ ಎರಡನೆಯದೇ ವಾಸಿ. ಮನುಷ್ಯರೂ ದೂರದಿಂದ ಗಿಡ ಗುರುತಿಸುವುದು ಎಲೆಯ ಬಣ್ಣ ಒಂದನ್ನೇ ನೋಡಿ ಅಲ್ಲವಲ್ಲ. ಆದರೂ ಮರದ ನೆತ್ತಿಯ ಕೆಳಗೆ ಅಡಗಿ ಕೂತ ಲಂಟಾನದ ಬೆಳಕು ಮೇಲಕ್ಕೆ ಬರುವುದೇ ಇಲ್ಲ. ಬಾರದ ಬೆಳಕನ್ನು ಯಾವ ಕ್ಯಾಮೆರಾ ಹಿಡಿದೀತು?

ಪಂಚಾಂಗ ನೋಡಿ ಚಿತ್ರ ತೆಗೆಯಬೇಕು

ಇಲ್ಲಿಗೆ ಕೆಲಸ ಕೈಬಿಡುವುದಲ್ಲ. ಗಿಡದ ಗುರುತು ಬಣ್ಣದಲ್ಲಿ ಸಿಗದಿದ್ದರೆ ಅದರ ದಿನಚರಿಯಲ್ಲಿ ಸಿಗುತ್ತದೆ. ಹೊರಗಿನಿಂದ ಬಂದ ಗಿಡ ಇಲ್ಲಿನ ಗಿಡಗಳ ಹಾಗೆ ಚಿಗುರುವುದಿಲ್ಲ, ಇಲ್ಲಿನವು ಎಲೆ ಉದುರಿಸುವಾಗ ಉದುರಿಸುವುದಿಲ್ಲ, ಇಲ್ಲಿನವು ಹೂ ಬಿಡದ ತಿಂಗಳಲ್ಲಿ ಹೂ ಬಿಡುತ್ತದೆ. ವರ್ಷದ ಯಾವ ವಾರದಲ್ಲಿ ಅದು ಸುತ್ತಲಿನ ಗುಂಪಿನಿಂದ ಹೊರಗೆ ನಿಲ್ಲುತ್ತದೆ ಎಂದು ತಿಳಿದರೆ ಹತ್ತು ಮೀಟರಿನ ಚುಕ್ಕೆಯೂ ಸಾಕಾಗಬಹುದು.

ಸುಲಭದ ಉದಾಹರಣೆ ಬಳ್ಳಾರಿ ಜಾಲಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಏಪ್ರಿಲ್‌ನಲ್ಲಿ ಹೋದರೆ ನೆಲವೆಲ್ಲ ಕಾದ ಹೆಂಚು. ಆ ಬಿಸಿಲಿನಲ್ಲೂ ಹಳ್ಳದ ದಂಡೆ, ಕೆರೆಯ ಅಂಗಳ, ಬೀಳುಬಿದ್ದ ಹೊಲದಲ್ಲಿ ಹಸಿರಾಗಿ ನಿಂತಿರುವುದು ಜಾಲಿ. ಬೇರು ಅಷ್ಟು ಆಳಕ್ಕೆ ಇಳಿದಿರುತ್ತದೆ. ನೀರಾವರಿಯ ಗದ್ದೆ ಮತ್ತು ತೋಟವನ್ನು ಲೆಕ್ಕದಿಂದ ಬಿಟ್ಟರೆ, ಬೇಸಿಗೆಯ ಚಿತ್ರದಲ್ಲಿ ಉಳಿಯುವ ಹಸಿರಿನ ದೊಡ್ಡ ಪಾಲು ಅದರದೇ. ಗುಜರಾತಿನ ಕಛ್‌ನ ಬನ್ನಿ ಹುಲ್ಲುಗಾವಲಿನಲ್ಲೂ ಇದೇ ಕತೆ. ಪಕ್ಕದ ರಣ್ ಎಂಬ ಉಪ್ಪುಬಯಲಿನ ಉಪ್ಪು ಮುಂದೆ ಬಾರದಿರಲಿ ಎಂದು 1960ರ ದಶಕದ ಆರಂಭದಲ್ಲಿ ಅರಣ್ಯ ಇಲಾಖೆ ಸುಮಾರು 31,000 ಹೆಕ್ಟೇರಿನಲ್ಲಿ ಈ ಗಿಡ ಹಾಕಿತು. ಈಗ ಅಲ್ಲಿನ ದನಗಾಹಿಗಳು ಅದನ್ನು ಕರೆಯುವುದು ‘ಗಾಂಡೊ ಬಾವಳ’ ಎಂದು, ಅಂದರೆ ಹುಚ್ಚು ಜಾಲಿ. ಹುಲ್ಲು ಒಣಗಿ ಕೂತ ತಿಂಗಳಲ್ಲಿ ತೆಗೆದ ಚಿತ್ರ ಆ ಹುಚ್ಚಿನ ಹರವನ್ನು ತಕ್ಕಮಟ್ಟಿಗೆ ಸರಿಯಾಗಿಯೇ ತೋರಿಸುತ್ತದೆ. ಒಂದು ಮಾತು ಮಾತ್ರ ಇಲ್ಲೇ ಹೇಳಬೇಕು: ಅದೇ ಜಾಲಿಯ ಸೌದೆಯಿಂದ ಒಲೆ ಉರಿಯುವ, ಅದೇ ಜಾಲಿಯ ಇದ್ದಿಲು ಸುಟ್ಟು ಬದುಕುವ ಮನೆಗಳು ಉತ್ತರ ಕರ್ನಾಟಕದಲ್ಲೂ ಬನ್ನಿಯಲ್ಲೂ ಇವೆ. ನಕ್ಷೆಯಲ್ಲಿ ಅವು ಕಾಣುವುದಿಲ್ಲ. ನಕ್ಷೆ ಹಿಡಿದು ಕಡಿಯಲು ಹೊರಡುವವರು ಆ ಮನೆಗಳಿಗೆ ಮೊದಲು ಹೋಗಬೇಕು.

ಕೆರೆಯ ಮೇಲೆ ತೇಲುವ ಜಲಕಳೆಯದು ಇನ್ನೂ ಸುಲಭ. ನೀರು ಅವಕೆಂಪನ್ನು ನುಂಗುತ್ತದೆ, ಎಲೆ ಚಿಮ್ಮಿಸುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರಿನ ಕೆರೆಗಳಲ್ಲಿ ಕಳೆ ಗಾಳಿಗೆ ಈ ದಂಡೆಯಿಂದ ಆ ದಂಡೆಗೆ ಸರಿದದ್ದೂ ಹಳೆಯ ಚಿತ್ರಗಳಲ್ಲಿ ಸ್ಪಷ್ಟ.

ಸೆನ್ನಾ ಸ್ಪೆಕ್ಟಾಬಿಲಿಸ್ ನಡುವಿನ ದಾರಿಯ ಸವಾಲು. ಇದೂ ಅಮೆರಿಕ ಖಂಡದ ಮರ. ವಯನಾಡಿನ ಮುತ್ತಂಗದ ಕಡೆ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೆರಳಿಗೆಂದು ನೆಟ್ಟದ್ದು. ಮುತ್ತಂಗಕ್ಕೂ ಬಂಡೀಪುರಕ್ಕೂ ಮುದುಮಲೆಗೂ ನಡುವೆ ಇರುವುದು ನಕ್ಷೆಯ ಗೆರೆ ಮಾತ್ರ. ಮರಕ್ಕೆ ಆ ಗೆರೆ ಗೊತ್ತಿಲ್ಲ. ಇಂದು ಮೂರೂ ರಾಜ್ಯದ ಕಾಡುಗಳಲ್ಲಿ ಅದಿದೆ. ಕಡಿದರೆ ಬುಡದಿಂದ ಹತ್ತು ಚಿಗುರು ಏಳುತ್ತದೆ. ಲಂಟಾನದ ಹಾಗೆ ಇದು ಕೆಳಗೆ ಅಡಗುವುದಿಲ್ಲ, ನೆತ್ತಿಗೇರುತ್ತದೆ. ಅರಳಿದಾಗ ಇಡೀ ನೆತ್ತಿ ಹಳದಿ. ಕಕ್ಕೆ ಮರವೂ ಹಳದಿಯೇ, ಆದರೆ ಕಕ್ಕೆ ಅರಳುವುದು ಬೇಸಿಗೆಯಲ್ಲಿ. ಹೀಗಾಗಿ ಒಂದೇ ಚಿತ್ರದಲ್ಲಿ ಒಂದನ್ನೊಂದು ಹೋಲುವ ಎರಡು ಮರ ವರ್ಷದ ಸರಣಿಯಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಸೆನ್ನಾ ಅರಳುವ ಕಾಲದಲ್ಲಿ ಮೋಡ ತೆರೆದು ಒಂದೇ ಒಂದು ನಿಚ್ಚಳ ಚಿತ್ರ ಸಿಕ್ಕರೂ ಆ ವರ್ಷದ ಕೆಲಸ ಅರ್ಧ ಆಯಿತು ಎಂದೇ ಲೆಕ್ಕ. ಮಳೆಗಾಲ ಪೂರ್ತಿ ಪರದೆಯ ಮೇಲೆ ಬಿಳಿ ಹತ್ತಿಯನ್ನೇ ನೋಡಿದವರಿಗೆ ಆ ಒಂದು ಚಿತ್ರದ ಬೆಲೆ ಗೊತ್ತು.

ಎಲ್ಲಕ್ಕಿಂತ ಕಷ್ಟದ್ದು ಲಂಟಾನವೇ. ಬಂಡೀಪುರದಂಥ ಒಣ ಎಲೆಯುದುರುವ ಕಾಡಿನಲ್ಲಿ ಜನವರಿಯ ಹೊತ್ತಿಗೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಮರಗಳು ಬೋಳಾಗತೊಡಗುತ್ತವೆ. ನೆಲದಲ್ಲಿ ಇನ್ನೂ ತೇವ ಉಳಿದಿರುವ ಕಡೆ ಲಂಟಾನ ಎಲೆ ಹಿಡಿದುಕೊಂಡೇ ಇರುತ್ತದೆ. ಆ ಕೆಲವು ವಾರ ಮರದ ನೆತ್ತಿಯ ಪರದೆ ಸರಿದು ಕೆಳಗಿನ ಹಸಿರು ಮೇಲಕ್ಕೆ ಕಾಣುತ್ತದೆ. ಬೇಸಿಗೆ ಬಲಿತ ಮೇಲೆ ಅದೂ ಎಲೆ ಕಳೆದುಕೊಂಡು ಒಣ ಸೌದೆಯಾಗುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿಕೊಂಡು ಸಾವಿರಾರು ಎಕರೆ ಸುಟ್ಟಾಗ ಆ ಸೌದೆ ಏನು ಮಾಡಬಲ್ಲದು ಎಂದು ಎಲ್ಲರೂ ನೋಡಿದೆವು. ಏಪ್ರಿಲ್‌ನ ಮೊದಲ ಮಳೆ ಬಿದ್ದಾಗ ಮತ್ತೆ ಚಿಗುರುತ್ತದೆ. ಹಾಗಾಗಿ ಲಂಟಾನ ಬೇರೆಯಾಗಿ ಕಾಣುವ ಕಾಲದ ಕಿಟಕಿ ಸಣ್ಣದು, ಅದೂ ವರ್ಷದಿಂದ ವರ್ಷಕ್ಕೆ ಮಳೆ ನೋಡಿಕೊಂಡು ಹಿಂದೆ ಮುಂದೆ ಸರಿಯುತ್ತದೆ. ನಿತ್ಯಹರಿದ್ವರ್ಣದ ಕಾಡಿನಲ್ಲಂತೂ ಈ ಕಿಟಕಿಯೇ ಇಲ್ಲ.

ಹೊಸ ಉಪಕರಣಗಳ ಮೇಲೆ ನಿರೀಕ್ಷೆ ಇಟ್ಟುಕೊಳ್ಳಬಹುದು. ಬೆಳಕನ್ನು ನೂರಾರು ಸಣ್ಣ ಪಟ್ಟೆಗಳಾಗಿ ಸೀಳಿ ನೋಡುವ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾಗಳು ಮರದ ಜಾತಿ ಗುರುತಿಸುವುದರಲ್ಲಿ ಮುಂದಿವೆ. ಇಟಲಿಯ ಪ್ರಿಸ್ಮಾ, ಜರ್ಮನಿಯ ಎನ್‌ಮ್ಯಾಪ್ ಈಗಾಗಲೇ ಮೇಲಿವೆ, ಆದರೆ ಅವುಗಳ ಚುಕ್ಕೆ 30 ಮೀಟರ್. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ಇಸ್ರೊ-ನಾಸಾ ಜಂಟಿ ಉಪಗ್ರಹ ನಿಸಾರ್ ರೇಡಾರ್‌ನಿಂದ ನೋಡುತ್ತದೆ. ಮೋಡ ಅದಕ್ಕೆ ಅಡ್ಡಿಯಲ್ಲ. ಅದರ ಉದ್ದ ಅಲೆ, ಸುಮಾರು 24 ಸೆಂಟಿಮೀಟರಿನದು, ಎಲೆಯ ಹೊದಿಕೆಯನ್ನು ತೂರಿ ಕೊಂಬೆ ಕಾಂಡಗಳವರೆಗೆ ಹೋಗುತ್ತದೆ. ಮರದ ಕೆಳಗೆ ದಟ್ಟ ಪೊದೆ ಇದೆಯೋ ಖಾಲಿ ಇದೆಯೋ ಎಂಬ ಸುಳಿವು ಇದರಿಂದ ಸಿಗಬಹುದು. ಆ ಪೊದೆ ಲಂಟಾನವೋ ನಮ್ಮದೇ ಕಾಡಿನ ಗಿಡವೋ ಎಂದು ರೇಡಾರ್ ಒಂದೇ ಹೇಳಲಾರದು.

ಶೇ 93 ಎಂದರೆ ಏನು?

ಇಂಥ ನಕ್ಷೆಗಳ ಜೊತೆ ಸಾಮಾನ್ಯವಾಗಿ ಒಂದು ಅಂಕಿ ಬರುತ್ತದೆ: ‘ನಿಖರತೆ ಶೇಕಡಾ ಇಷ್ಟು’. ಸಭೆಗಳಲ್ಲಿ ಆ ಅಂಕಿ ಹೇಳಿದ ಕೂಡಲೇ ಮುಂದಿನ ಪ್ರಶ್ನೆ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಈ ಲೇಖನದಲ್ಲಿ ಓದುಗರು ನೆನಪಿಟ್ಟುಕೊಳ್ಳಬೇಕಾದ ಲೆಕ್ಕ ಒಂದೇ, ಅದು ಇದು.

ಒಂದು ಕಾಡಿನಲ್ಲಿ 1,000 ಜಾಗಗಳಿಗೆ ಹೋಗಿ ನಕ್ಷೆಯನ್ನು ಪರೀಕ್ಷಿಸಿದೆವು ಎಂದಿಟ್ಟುಕೊಳ್ಳೋಣ. ಅವುಗಳಲ್ಲಿ 100 ಕಡೆ ನಿಜವಾಗಿ ಲಂಟಾನ ಇದೆ, 900 ಕಡೆ ಇಲ್ಲ. ನಕ್ಷೆ ಆ 100ರಲ್ಲಿ 50ನ್ನು ಮಾತ್ರ ಗುರುತಿಸಿದೆ. ಇಲ್ಲದ 900ರಲ್ಲಿ 880ಕ್ಕೆ ಸರಿಯಾಗಿ ಇಲ್ಲ ಎಂದಿದೆ, 20ಕ್ಕೆ ಸುಮ್ಮನೆ ಇದೆ ಎಂದಿದೆ. ಒಟ್ಟು ಸರಿಯುತ್ತರ 930. ನಿಖರತೆ ಶೇ 93! ಆದರೆ ಅರ್ಧದಷ್ಟು ಲಂಟಾನ ಆ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಕೇಳಬೇಕಾದದ್ದು ಒಟ್ಟು ನಿಖರತೆಯನ್ನಲ್ಲ. ಇರುವುದರಲ್ಲಿ ಎಷ್ಟನ್ನು ಬಿಟ್ಟಿರಿ, ಇಲ್ಲದ್ದನ್ನು ಎಷ್ಟು ಕಡೆ ಇದೆ ಎಂದಿರಿ ಎಂಬ ಎರಡು ಪ್ರಶ್ನೆಗಳನ್ನು, ಆ ಒಂದು ಗಿಡದ ಬಗ್ಗೆ ಮಾತ್ರ.

ಪರೀಕ್ಷೆಯ ಜಾಗಗಳು ಎಲ್ಲಿಂದ ಬಂದವು ಎಂಬುದು ಇನ್ನೊಂದು. ಕಾಡಿನಲ್ಲಿ ನಡೆಯುವುದು ಸುಲಭವಲ್ಲ. ಲಂಟಾನದ ಮೆಳೆಯೊಳಗೆ ನುಗ್ಗಿದರೆ ಐದು ಹೆಜ್ಜೆ ಮುಂದೆ ಆನೆ ನಿಂತಿದ್ದರೂ ಕಾಣುವುದಿಲ್ಲ. ಹಾಗಾಗಿ ಎಲ್ಲರೂ ಜೀಪಿನ ದಾರಿಯ ಪಕ್ಕದಲ್ಲೇ ಗುರುತು ಹಾಕಿಕೊಂಡು ಬರುತ್ತಾರೆ, ನಾನೂ ಹಾಕಿದ್ದೇನೆ. ದಾರಿಯ ಅಂಚಿನಲ್ಲಿ ಬಿಸಿಲು ಹೆಚ್ಚು, ಅಲ್ಲಿ ಲಂಟಾನ ಹೆಚ್ಚು. ಈ ಗುರುತುಗಳನ್ನು ಮಾದರಿಯಾಗಿಟ್ಟುಕೊಂಡು ನಕ್ಷೆ ಮಾಡುವ ಯಂತ್ರ, ಅಂದರೆ ಕಂಪ್ಯೂಟರ್, ಅದನ್ನೇ ಪಾಠವಾಗಿ ಕಲಿಯುತ್ತದೆ. ಅಕ್ಕಪಕ್ಕದ ಎರಡು ಚುಕ್ಕೆಗಳಲ್ಲಿ ಒಂದನ್ನು ಕಲಿಸಲು, ಇನ್ನೊಂದನ್ನು ಪರೀಕ್ಷಿಸಲು ಬಳಸಿದರೆ ಪಾಸಾಗುವುದು ಖಂಡಿತ. ಪ್ರಶ್ನೆಪತ್ರಿಕೆಯೇ ಮೊದಲು ಸಿಕ್ಕಿದಂತೆ. ಅದೇ ಯಂತ್ರವನ್ನು ಹತ್ತು ಕಿಲೋಮೀಟರ್ ಆಚೆಯ ಕಣಿವೆಗೆ ಒಯ್ದಾಗ ಬಣ್ಣ ಬಯಲಾಗುತ್ತದೆ. ಇದರ ಮೇಲೆ ಮರದಡಿಯಲ್ಲಿ ಜಿಪಿಎಸ್ ಐದರಿಂದ ಹತ್ತು ಮೀಟರ್ ಆಚೀಚೆ ಹೋಗುತ್ತದೆ. ಲಂಟಾನದ ಬುಡದಲ್ಲಿ ನಿಂತು ಒತ್ತಿದ ಗುರುತು ನಕ್ಷೆಯಲ್ಲಿ ಪಕ್ಕದ ಹುಲ್ಲಿನ ಚುಕ್ಕೆಗೆ ಬಿದ್ದಿರುತ್ತದೆ. ಒಂದು ಗುರುತು ಒತ್ತಿ ಎರಡು ನಿಮಿಷ ಅಲ್ಲಾಡದೆ ನಿಲ್ಲುವ ತಾಳ್ಮೆಗೆ ಇಡೀ ನಕ್ಷೆಯ ಹಣೆಬರಹ ಬದಲಿಸುವ ಶಕ್ತಿಯಿದೆ.

ಮೊದಲು ಹೇಳಿದ 1.54 ಲಕ್ಷ ಚದರ ಕಿಲೋಮೀಟರ್ ಎಂಬ ಅಂದಾಜು ಕೂಡ ಆಕಾಶದಿಂದ ಲಂಟಾನವನ್ನು ನೇರವಾಗಿ ಎಣಿಸಿ ಬಂದದ್ದಲ್ಲ. ಹುಲಿ ಗಣತಿಯ ಜೊತೆಜೊತೆಗೆ ಕಾಡು ಸುತ್ತುವವರು ತುಣುಕು ತುಣುಕು ಜಾಗಗಳಲ್ಲಿ ನಿಂತು ಬರೆದುಕೊಂಡ ಟಿಪ್ಪಣಿಗಳೇ ಅದರ ತಳಹದಿ. ಅದರ ಮೇಲೆ ಹವಾಮಾನ, ಕಾಡಿನ ಸ್ಥಿತಿ ಮುಂತಾದ ಮಾಹಿತಿ ಸೇರಿಸಿ ಉಳಿದ ಕಡೆ ಎಲ್ಲೆಲ್ಲಿ ಇರಬಹುದು ಎಂದು ಲೆಕ್ಕಹಾಕಿದರು. ಭಾರತೀಯ ವನ್ಯಜೀವಿ ಸಂಸ್ಥೆಯವರಿದ್ದ ತಂಡದ 2023ರ ಅಧ್ಯಯನ ಲಂಟಾನವೊಂದನ್ನೇ ಅಲ್ಲದೆ ಹೆಚ್ಚು ಅಪಾಯದ ಹಲವು ಗಿಡಗಳನ್ನು ಒಟ್ಟಿಗೆ ನೋಡಿತು. ದೇಶದ ನೈಸರ್ಗಿಕ ಪ್ರದೇಶಗಳ ಶೇ 22ರಷ್ಟರಲ್ಲಿ ಅವು ಈಗಾಗಲೇ ಇವೆ, ಶೇ 66ರಷ್ಟಕ್ಕೆ ಅಪಾಯವಿದೆ ಎಂಬುದು ಅದರ ನಿಲುವು.

ಸೋಲಿಗರು ಮೊದಲೇ ನೋಡಿದ್ದು

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಕಾಡಿಗೆ ಬೆಂಕಿ ಹಾಕುವುದು ನಿಂತಿತು. ಅದಕ್ಕೆ ಮೊದಲು ಸೋಲಿಗರು ವರ್ಷದ ತಂಪು ದಿನಗಳಲ್ಲಿ, ಎಲೆ ಉದುರಿ ತರಗು ಇನ್ನೂ ತೆಳುವಾಗಿರುವಾಗ, ನೆಲಮಟ್ಟದ ಸಣ್ಣ ಬೆಂಕಿ ಹಾಕುತ್ತಿದ್ದರು. ‘ತರಗು ಬೆಂಕಿ’ ಎಂದೇ ಅದಕ್ಕೆ ಹೆಸರು. ಲಂಟಾನದ ಎಳೆ ಸಸಿಗಳು, ಬೀಜ ಆ ಬೆಂಕಿಯಲ್ಲಿ ಹೋಗುತ್ತಿದ್ದವು, ಹುಲ್ಲು ಹೊಸದಾಗಿ ಬರುತ್ತಿತ್ತು, ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ ಎನ್ನುವುದು ಅವರ ವಿವರಣೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ಮಾತನ್ನು ದಾಖಲಿಸಿದರು. ಅದೇ ಬೆಟ್ಟದಲ್ಲಿ 1997ರಲ್ಲಿ ಅಳೆದ ತುಣುಕುಗಳನ್ನು 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಇರುವ ತುಣುಕುಗಳು ಸುಮಾರು ಇಮ್ಮಡಿಯಾಗಿದ್ದವು. ಬೆಂಕಿಯೇ ಲಂಟಾನವನ್ನು ಹೆಚ್ಚಿಸುತ್ತದೆ ಎಂಬ ವಾದವೂ ವಿಜ್ಞಾನದಲ್ಲಿ ಇದೆ. ಯಾವ ಬೆಂಕಿ, ಯಾವ ತಿಂಗಳು ಎಂದು ಬಿಡಿಸಿ ನೋಡಿದರೆ ಎರಡೂ ಮಾತು ನಿಲ್ಲುತ್ತವೆ ಎಂದು ನನಗೆ ಅನ್ನಿಸುತ್ತದೆ. ಜನವರಿಯ ತರಗು ಬೆಂಕಿಗೂ, ಲಂಟಾನ ಸೌದೆಯಾಗಿ ರಾಶಿಬಿದ್ದ ಮಾರ್ಚಿನ ಬೆಂಕಿಗೂ ಹೋಲಿಕೆ ಇಲ್ಲ.

ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರ ಜೊತೆ ಒಂದು ದಿನ ನಡೆದರೆ ಯಾವ ಇಳಿಜಾರಿಗೆ ಇದು ಯಾವಾಗ ಬಂತು, ಯಾವ ನೆಲ್ಲಿ ಮರದ ಬುಡಕ್ಕೆ ಈಗ ಹೋಗಲಾಗುವುದಿಲ್ಲ, ಯಾವ ಕಾಲುದಾರಿ ಮುಚ್ಚಿತು ಎಂದು ಬೆರಳು ಮಾಡಿ ತೋರಿಸುತ್ತಾರೆ. ಮೂವತ್ತು ವರ್ಷದ ಕಾಲಾನುಕ್ರಮದ ಮಾಹಿತಿ ಅದು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ನಕ್ಷೆ ಮಾಡುವ ಕೆಲಸದಲ್ಲಿ ಅವರನ್ನು ದಾರಿ ತೋರಿಸುವ ಕೂಲಿಯವರನ್ನಾಗಿ ಅಲ್ಲದೆ ಮಾಹಿತಿಯ ಒಡೆಯರನ್ನಾಗಿ ಕೂರಿಸುವ ಕಾಲ ಬಂದು ಎಷ್ಟೋ ವರ್ಷವಾಯಿತು.

ನಕ್ಷೆಯಿಂದ ಏನು ಮಾಡಿಸಿಕೊಳ್ಳಬೇಕು

ಇಷ್ಟೆಲ್ಲ ಹೇಳಿದ್ದರ ತಿರುಳು ಒಂದು ಅಹಿತಕರ ಸತ್ಯ. ಉಪಗ್ರಹಕ್ಕೆ ಚೆನ್ನಾಗಿ ಕಾಣುವುದು ದಟ್ಟವಾಗಿ ಹಬ್ಬಿ ಮುಗಿದ ಕಳೆ. ಕಿತ್ತು ಮುಗಿಸಲು ಸುಲಭವಾಗಿರುವುದು ಈಗಷ್ಟೇ ಬಂದ, ಅಲ್ಲೊಂದು ಇಲ್ಲೊಂದು ಇರುವ ಕಳೆ. ಅದು ಉಪಗ್ರಹಕ್ಕೆ ಕಾಣುವುದೇ ಇಲ್ಲ. ನಕ್ಷೆಯಲ್ಲಿ ಕಡುಕೆಂಪಾಗಿ ಹೊಳೆಯುವ ಜಾಗಕ್ಕೇ ಮೊದಲು ದುಡ್ಡು ಹೋಗುತ್ತದೆ, ಏಕೆಂದರೆ ಅದು ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಒಂದು ಹೆಕ್ಟೇರ್ ತೆರವಿಗೆ ಆಗುವ ದುಡಿಮೆಯಲ್ಲಿ ಅಂಚಿನ ಎಷ್ಟೋ ಹೆಕ್ಟೇರನ್ನು ಕಾಯಬಹುದಿತ್ತು. ನನ್ನ ಅಭಿಪ್ರಾಯದಲ್ಲಿ ನಕ್ಷೆ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಕೆಂಪಿನ ಅಂಚನ್ನು, ಆ ಅಂಚಿನಿಂದ ಹಳ್ಳ, ರಸ್ತೆ, ನೀರುಗುಂಡಿಗಳ ಉದ್ದಕ್ಕೂ ಹೊರಡುವ ದಾರಿಗಳನ್ನು. ಹಣ್ಣು ತಿನ್ನುವ ಪಿಕಳಾರಗಳು ಕೂರುವ ಒಂಟಿ ಮರಗಳನ್ನು. ಗಸ್ತಿನವರು ಎಲ್ಲಿ ನಡೆಯಬೇಕು ಎಂದು ಹೇಳುವುದಕ್ಕೆ ಅದು ಒಳ್ಳೆಯ ಸಾಧನ.

ಉಪಗ್ರಹಕ್ಕೆ ನಿಜವಾಗಿ ಹೇಳಿಮಾಡಿಸಿದ ಇನ್ನೊಂದು ಕೆಲಸವಿದೆ. ಅದರ ಬಗ್ಗೆ ನಾವು ಬಹಳ ಕಡಿಮೆ ಮಾತಾಡುತ್ತೇವೆ. ತೆರವು ಮಾಡಿದ ಜಾಗದ ಮೇಲೆ ಕಣ್ಣಿಡುವುದು. ಲಂಟಾನ ತೆಗೆಯುವುದು ಒಮ್ಮೆ ಕಡಿದು ಮುಗಿಯುವ ಕೆಲಸವಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ತಂಡ ರೂಪಿಸಿದ ವಿಧಾನದಲ್ಲಿ ಪೊದೆಯನ್ನು ಮೇಲೆ ಸವರುವುದಿಲ್ಲ, ಮಣ್ಣಿನ ಮಟ್ಟದಿಂದ ತುಸು ಕೆಳಗೆ, ಚಿಗುರು ಹೊಡೆಯುವ ಭಾಗದ ಅಡಿಯಲ್ಲಿ, ತಾಯಿಬೇರನ್ನು ಕತ್ತರಿಸಿ ಪೊದೆಯನ್ನು ತಲೆಕೆಳಗಾಗಿ ಇಡುತ್ತಾರೆ. ಕಾರ್ಬೆಟ್‌ನಲ್ಲಿ ಇದನ್ನು ಮಾಡಿ ಹುಲ್ಲು ಮರಳಿಸಿದ್ದಾರೆ. ಆಮೇಲೂ ಬೀಜದಿಂದ ಸಸಿ ಏಳುತ್ತಲೇ ಇರುತ್ತದೆ, ಎರಡು ಮೂರು ವರ್ಷ ಬೆನ್ನುಬಿಡದೆ ಕೀಳಬೇಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಪೀಠೋಪಕರಣ, ಆನೆಯ ಆಳೆತ್ತರದ ಪ್ರತಿಮೆಗಳನ್ನು ಮಾಡುತ್ತಾರೆ. ನೀಲಗಿರಿಯ ಆದಿವಾಸಿಗಳು ಮಾಡಿದ ಇಂಥ ಆನೆಗಳು ಲಂಡನ್ನಿನ ಉದ್ಯಾನಗಳಲ್ಲೂ ನಿಂತವು. ತಮಿಳುನಾಡು ಆಕ್ರಮಣಕಾರಿ ಸಸ್ಯಗಳಿಗೆಂದೇ 2022ರಲ್ಲಿ ನೀತಿ ತಂದು ಸೆನ್ನಾ ಮರವನ್ನು ಕಾಗದದ ಕಾರ್ಖಾನೆಗೆ ಕೊಡುವ ದಾರಿ ಹಿಡಿದಿದೆ. ಇವೆಲ್ಲ ಬೇಕು. ಆದರೆ ಕಡಿದ ಜಾಗ ಮರುವರ್ಷ ಏನಾಯಿತು ಎಂದು ನೋಡಿ ಬರೆದಿಡುವವರು ಇಲ್ಲದಿದ್ದರೆ ಇದೇ ಜಾಗಕ್ಕೆ ಮತ್ತೆ ಮತ್ತೆ ತೆರವಿನ ಬಿಲ್ಲಾಗುತ್ತದೆ.

ಇದನ್ನು ಉಚಿತ ಚಿತ್ರದಿಂದಲೇ ನೋಡಬಹುದು, ಲೆಕ್ಕವೂ ಕಠಿಣವಲ್ಲ. ತೆರವಾದ ತುಣುಕಿನ ಹಸಿರಿನ ಸೂಚ್ಯಂಕವನ್ನು ತಿಂಗಳು ತಿಂಗಳು ಗೆರೆಯಾಗಿ ಎಳೆಯಿರಿ. ಕಡಿದ ಕೂಡಲೇ ಗೆರೆ ಕೆಳಕ್ಕೆ ಬೀಳುತ್ತದೆ. ಮಳೆಗೆ ಮೇಲೇಳುತ್ತದೆ, ಇದು ಹುಲ್ಲಿಗೂ ಆಗುತ್ತದೆ, ಲಂಟಾನದ ಚಿಗುರಿಗೂ ಆಗುತ್ತದೆ, ಹಾಗಾಗಿ ಆಗಸ್ಟಿನಲ್ಲಿ ಏನೂ ಹೇಳಲಾಗದು. ಜನವರಿಗೆ ಕಾಯಬೇಕು. ಹುಲ್ಲು ಬಂದಿದ್ದರೆ ಗೆರೆ ಪಕ್ಕದ ಮೈದಾನದ ಜೊತೆಗೇ ಕುಸಿಯುತ್ತದೆ. ಲಂಟಾನ ಮರಳಿದ್ದರೆ ಅದು ಕುಸಿಯದೆ ಮೇಲೆಯೇ ತೂಗಾಡುತ್ತಿರುತ್ತದೆ. ಎರಡು ಜನವರಿ ಸತತವಾಗಿ ತೂಗಾಡಿದರೆ ಅಲ್ಲಿಗೆ ಜನ ಹೋಗಬೇಕು. ಈ ಗೆರೆಗಳನ್ನು ಅರಣ್ಯ ಇಲಾಖೆಗಳು ಸಾರ್ವಜನಿಕರಿಗೆ ಕಾಣುವಂತೆ ಇಡಬೇಕು ಎಂಬುದು ನನ್ನ ಬೇಡಿಕೆ. ತೆರವಿಗೆ ಹಾಕುವುದು ಜನರ ದುಡ್ಡು, ಚಿತ್ರ ಉಚಿತ, ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ. ಆಕ್ರಮಣಕಾರಿ ಜೀವಿಗಳು ಹೊಸದಾಗಿ ಬಂದು ನೆಲೆಯೂರುವ ವೇಗವನ್ನು 2030ರೊಳಗೆ ಕನಿಷ್ಠ ಅರ್ಧಕ್ಕೆ ಇಳಿಸಬೇಕು ಎಂಬ ಗುರಿಯನ್ನು 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಜಗತ್ತಿನ ದೇಶಗಳೊಂದಿಗೆ ಭಾರತವೂ ಒಪ್ಪಿಕೊಂಡಿದೆ. ಇಳಿದಿದೆಯೋ ಇಲ್ಲವೋ ಎಂದು ತಿಳಿಯಲು ಇಂದಿನ ಅಳತೆ ಬೇಕು, ಅದು ನಾಳೆಯೂ ಅದೇ ರೀತಿಯಲ್ಲಿ ಅಳೆಯುವಂತಿರಬೇಕು.

ಕಳೆದ ಸಲ ಗುರುತು ಹಾಕಲು ಹೋದಾಗ ನೀರುಗುಂಡಿಯೊಂದರ ದಂಡೆಯಲ್ಲಿ ಜೊತೆಗಿದ್ದ ಕಾವಲುಗಾರರು ತಟ್ಟನೆ ಕೂತರು. ಹುಲ್ಲಿನ ನಡುವೆ ಗೇಣುದ್ದದ ಸಸಿ, ಎಣಿಸಿದರೆ ಆರು ಎಲೆ, ಕಾಂಡಕ್ಕೆ ಆಗಲೇ ನಾಲ್ಕು ಮೂಲೆ ಬಂದಿತ್ತು. ಹಿಂದಿನ ವಾರದ ಚಿತ್ರದಲ್ಲಿ ಆ ಚುಕ್ಕೆ ಪೂರ್ತಿ ಹುಲ್ಲು. ಜಿಪಿಎಸ್ ಸ್ಥಿರವಾಗುವವರೆಗೆ ಎರಡು ನಿಮಿಷ ನಿಂತು ಗುರುತು ಒತ್ತಿದೆ. ಅವರು ಬೇರಿನ ಸುತ್ತ ಮಣ್ಣು ಸಡಿಲಿಸಿ ಸಸಿಯನ್ನು ಕಿತ್ತು, ತಲೆಕೆಳಗು ಮಾಡಿ ಕಲ್ಲಿನ ಮೇಲಿಟ್ಟರು. ಆಮೇಲೆ ಇಬ್ಬರೂ ದಂಡೆಯ ಉಳಿದ ಭಾಗ ನೋಡಲು ಹೊರಟೆವು.